ಎಲ್ಲರಿಗೂ ಒಂದೇ ಬಾಗಿಲು: ಕಾಪು ಸಮೀಪದ ಕಡಲ ಕರೆಯ ಮನೆಯೊಂದರ ಪ್ರಕರಣ ಅಧ್ಯಯನ

ಕಾಪು ಮತ್ತು ಪಡುಬಿದ್ರಿ ನಡುವೆ ರಾಷ್ಟ್ರೀಯ ಹೆದ್ದಾರಿ 66ರಿಂದ ಪಶ್ಚಿಮಕ್ಕೆ ಇಳಿದರೆ ಸಿಗುವ ಕಡಲ ಕರೆಯಲ್ಲಿ ಈ ಮನೆ ಇದೆ. ಜಾಗ ಸುಮಾರು 35 ಸೆಂಟ್ಸ್. ಅಗಲ ಕಡಿಮೆ, ಉದ್ದ ಜಾಸ್ತಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಗಾಳಿಮರಗಳು, ಆಮೇಲೆ ಮರಳು, ಆಮೇಲೆ ಕಡಲು. ಕಡಲ ಹತ್ತಿರ ಅಜ್ಜನ ಕಾಲದ ಹಂಚಿನ ಮನೆ ಇತ್ತು.

ಮನೆಯಲ್ಲಿ ನಾಲ್ಕು ತಲೆಮಾರು. ಅಜ್ಜಿಗೆ 82 ವರ್ಷ. ಎರಡೂ ಮಂಡಿ ಸೋತಿವೆ, ವಾಕರ್ ಹಿಡಿದು ನಡೆಯುತ್ತಾರೆ. ಮಗ ಮುಂಬೈಯಲ್ಲಿ ಕೆಲಸ ಮುಗಿಸಿ ಊರಿಗೆ ಬಂದವರು. ಸೊಸೆಗೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂದವಾಗಿದೆ. ಮೊಮ್ಮಗನಿಗೆ 34. ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಬಳಸುತ್ತಾರೆ. ಅವರ ಹೆಂಡತಿ, ಎರಡು ಸಣ್ಣ ಮಕ್ಕಳು. ಮೇ ತಿಂಗಳ ರಜೆಯಲ್ಲಿ ಮಗಳ ಸಂಸಾರವೂ ಮುಂಬೈಯಿಂದ ಬರುತ್ತದೆ. ಆಗ ಮನೆ ತುಂಬಿಹೋಗುತ್ತದೆ.

ಹಳೆಯ ಮನೆಗೆ ಮುಂಬಾಗಿಲಲ್ಲಿ ನಾಲ್ಕು ಮೆಟ್ಟಿಲು, ಪ್ರತಿ ಕೋಣೆಗೂ ಎತ್ತರದ ಹೊಸ್ತಿಲು. ಅಪಘಾತದ ನಂತರ ಮೊಮ್ಮಗನನ್ನು ಹಿಂದಿನ ಕೊಟ್ಟಿಗೆಯ ಬದಿಯಿಂದ, ಇಬ್ಬರು ಕುರ್ಚಿ ಎತ್ತಿ ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಮೊದಲ ಮಾತುಕತೆಯಲ್ಲಿ ಅವರು ಮನೆಯ ವಿನ್ಯಾಸ ಮಾಡಿದ ನನಗೆ ಹೇಳಿದ್ದು ಇಷ್ಟೇ: "ಮೇಡಂ, ನನಗೆ ಬೇರೆ ಬಾಗಿಲು ಬೇಡ. ಎಲ್ಲರೂ ಎಲ್ಲಿಂದ ಬರ್ತಾರೋ ಅಲ್ಲಿಂದಲೇ ನಾನೂ ಬರ್ಬೇಕು." ಮುಂದಿನ ಎಲ್ಲ ತೀರ್ಮಾನಗಳಿಗೂ ಈ ಮಾತೇ ಆಧಾರವಾಯಿತು. ಒಬ್ಬರಿಗಾಗಿ ಹಿಂಬದಿಯಲ್ಲಿ ರ‍್ಯಾಂಪ್ ಹಾಕಿ ಮುಗಿಸುವುದು ಸುಲಭ. ಆದರೆ ಮನೆ ಅವರದ್ದೂ ಹೌದು ಅಲ್ವಾ?

ಮೊದಲು ಗೆರೆ, ಆಮೇಲೆ ಗೋಡೆ

ಕಡಲ ಪಕ್ಕದಲ್ಲಿ ನಕ್ಷೆ ಬಿಡಿಸುವ ಮೊದಲು ಕರಾವಳಿ ನಿಯಂತ್ರಣ ವಲಯದ ನಕ್ಷೆ ನೋಡಬೇಕು. ಇಲ್ಲಿ ಎಲ್ಲರೂ ಸಿಆರ್‌ಝಡ್ ಅಂತಲೇ ಹೇಳುತ್ತಾರೆ. 2019ರ ಅಧಿಸೂಚನೆಯಂತೆ ಗ್ರಾಮೀಣ ಪ್ರದೇಶ ಎರಡು ಬಗೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಕಡೆ, ಭರತದ ಗೆರೆಯಿಂದ, ಅಂದರೆ ಉಬ್ಬರದಲ್ಲಿ ಕಡಲ ನೀರು ಏರಿ ಬರುವ ಗಡಿಯಿಂದ, 50 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಉಳಿದ ಕಡೆ ಅದು 200 ಮೀಟರ್. ಆದರೆ ಈಗಾಗಲೇ ಇರುವ ಅಧಿಕೃತ ಮನೆಯನ್ನು, ಅದರ ಅಡಿಪಾಯದ ವಿಸ್ತೀರ್ಣ ಮೀರದಂತೆ, ದುರಸ್ತಿ ಮಾಡಲು ಅವಕಾಶ ಇದೆ.

ನಮ್ಮ ಜಾಗದಲ್ಲಿ ಹೊಸದಾಗಿ ಕಟ್ಟಬಾರದು ಎನ್ನುವ ಆ ಮಿತಿಯ ಗೆರೆ ಹಳೆಯ ಮನೆಯ ಬೆನ್ನ ಹಿಂದೆಯೇ ಹಾದುಹೋಗುತ್ತಿತ್ತು. ಹಾಗಾಗಿ ಹಳೆಯದನ್ನು ಕೆಡವಿ ಅಲ್ಲೇ ದೊಡ್ಡದಾಗಿ ಕಟ್ಟುವ ಆಸೆ ಮೊದಲ ವಾರವೇ ಬಿಟ್ಟೆವು. ಹೊಸ ಮನೆ ಗೆರೆಯ ಪೂರ್ವಕ್ಕೆ ಬಂತು. ಸ್ವಂತ ವಾಸದ ಮನೆ 300 ಚದರ ಮೀಟರ್ ಒಳಗಿದ್ದರೆ ಸ್ಥಳೀಯ ಸಂಸ್ಥೆಯ ಹಂತದಲ್ಲೇ ಅನುಮತಿ ಪಡೆಯುವ ದಾರಿ ಅದೇ ಅಧಿಸೂಚನೆಯಲ್ಲಿದೆ. ನಮ್ಮ ಮನೆ ಸುಮಾರು 2,850 ಚದರ ಅಡಿಗೆ ನಿಂತಿತು. ಅಂದರೆ 265 ಚದರ ಮೀಟರ್.

ಮನೆಯವರಿಗೆ ಮೊದಲು ಸ್ವಲ್ಪ ಬೇಸರ ಆದದ್ದು ನಿಜ. ಹೊಸ ಮನೆ ಹಿಂದೆ ಹೋದರೆ ಕಡಲು ಕಾಣುವುದು ಕಡಿಮೆ. ಅದಕ್ಕೇ ಮಗ ಮಹಡಿಯ ಯೋಚನೆ ತಂದರು. ಮೇಲೆ ಎರಡು ಕೋಣೆ, ಮುಂದೆ ದೊಡ್ಡ ಬಾಲ್ಕನಿ, ಮಕ್ಕಳು ಮೇಲೆ ಮಲಗಲಿ ಎಂದು. ಮೊಮ್ಮಗ ಕೇಳಿದರು: "ಮಗುವಿಗೆ ರಾತ್ರಿ ಜ್ವರ ಬಂದ್ರೆ ನಾನು ಕೆಳಗೆ ಕೂತು ಕೇಳ್ಬೇಕಾ?" ಯಾರೂ ಮಾತಾಡಲಿಲ್ಲ.

ಲಿಫ್ಟ್ ಹಾಕಬಹುದಿತ್ತು. ಬೆಲೆ ವಿಚಾರಿಸಿದೆವು, ಜಾಗ ಕೂಡ ಗುರುತಿಸಿದೆವು. ಆದರೆ ಕಡಲ ಉಪ್ಪು ಗಾಳಿಗೆ ಯಂತ್ರದ ಆಯುಷ್ಯ ಕಡಿಮೆ. ಜೂನ್, ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಬ್ಯಾಟರಿ ಇಟ್ಟರೂ ಸರ್ವಿಸ್‌ನವರು ಬರುವವರೆಗೆ ಕಾಯಬೇಕು. ಒಬ್ಬ ಅಪ್ಪ ತನ್ನ ಮಕ್ಕಳ ಹತ್ತಿರ ಹೋಗುವುದು ಯಂತ್ರವೊಂದರ ಆರೋಗ್ಯವನ್ನು ಅವಲಂಬಿಸಬಾರದು ಎಂದು ನನಗೆ ಅನಿಸಿತು. ಮಹಡಿ ಬೇಡ ಎಂದು ಎಲ್ಲರೂ ಒಪ್ಪಿದರು. ಜಾಗ ಇದ್ದದ್ದರಿಂದ ಇದು ಸಾಧ್ಯವಾಯಿತು. ಊರೊಳಗಿನ 5 ಸೆಂಟ್ಸ್‌ನಲ್ಲಿ ಇದೇ ಉತ್ತರ ಹೊಂದುವುದಿಲ್ಲ.

ಎತ್ತರದ ಲೆಕ್ಕ

ಇಡೀ ವಿನ್ಯಾಸದಲ್ಲಿ ಅತಿ ಹೆಚ್ಚು ಚರ್ಚೆ ಆದದ್ದು ನೆಲದ ಎತ್ತರದ ಬಗ್ಗೆ. ನಮ್ಮ ಕರಾವಳಿಯಲ್ಲಿ ಸುಮ್ನೆ ನೆಲಮಟ್ಟಕ್ಕೆ ಮನೆ ಕಟ್ಟುವಂತಿಲ್ಲ. ವರ್ಷದ ಮಳೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಈ ಕರೆಯಲ್ಲಿ ಕಡಲು ಎಷ್ಟು ಒಳಗೆ ಬಂದಿತ್ತು ಎಂಬುದು ಎಲ್ಲರಿಗೂ ನೆನಪಿದೆ. ಹಾಗಾಗಿ ಮೇಸ್ತ್ರಿ, "ಮೂರು ಅಡಿ ಪಂಚಾಂಗ ಬೇಕೇ ಬೇಕು ಮೇಡಂ, ಕಡಿಮೆ ಮಾಡ್ಲಿಕ್ಕೆ ಆಗುದಿಲ್ಲ" ಎಂದರು. ಪಂಚಾಂಗ ಅಂದರೆ ಮನೆಯ ನೆಲವನ್ನು ಅಂಗಳದಿಂದ ಮೇಲೆತ್ತುವ ಅಡಿಕಟ್ಟು. ಅವರ ಭಯ ಸರಿಯಾದದ್ದೇ.

ಆದರೆ ಮೂರು ಅಡಿ ಏರಲು 12ಕ್ಕೆ 1ರ, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರುವ, ರ‍್ಯಾಂಪ್ ಹಾಕಿದರೆ ಉದ್ದ ಸುಮಾರು 11 ಮೀಟರ್ ಬೇಕು. ನಡುವೆ ನಿಲ್ಲಲು ಒಂದೂವರೆ ಮೀಟರಿನ ಮಟ್ಟಸ ಜಾಗ ಬೇರೆ. ಒಟ್ಟು 40 ಅಡಿಯ ಹತ್ತಿರ ಹೋಗುತ್ತದೆ. ಭಾರತ ಸರ್ಕಾರದ 2021ರ ಸಾರ್ವತ್ರಿಕ ಪ್ರವೇಶದ ಮಾರ್ಗಸೂಚಿ ಕೂಡ 12ಕ್ಕೆ 1ಕ್ಕಿಂತ ಕಡಿದಾದ ಇಳಿಜಾರು ಬೇಡ ಎನ್ನುತ್ತದೆ. ಅದು ಮುಖ್ಯವಾಗಿ ಸಾರ್ವಜನಿಕ ಕಟ್ಟಡಗಳಿಗಾಗಿ ಬರೆದದ್ದು. ಮನೆಗೆ ಕಡ್ಡಾಯ ಅಲ್ಲ. ಆದರೂ ಅಳತೆಗಳನ್ನು ಅಲ್ಲಿಂದಲೇ ತೆಗೆದುಕೊಂಡೆವು. ಒಂದು ವಿಷಯ ಮಾತ್ರ ಗಮನಿಸಬೇಕು. 12ಕ್ಕೆ 1 ಎಂಬುದು ಕೊನೆಯ ಮಿತಿ. ಬೆನ್ನುಹುರಿ ಪೆಟ್ಟಾದ ಯುವಕ ತೋಳಿನ ಬಲದಿಂದ ಅದನ್ನು ಏರಬಹುದು. 82ರ ಅಜ್ಜಿಗೆ ವಾಕರ್ ಹಿಡಿದು ಒದ್ದೆ ಇಳಿಜಾರಿನಲ್ಲಿ ಇಳಿಯುವುದು ಭಯದ ಕೆಲಸ. ರ‍್ಯಾಂಪ್ ಅಂದರೆ ಗಾಲಿಕುರ್ಚಿಗೆ ಮಾತ್ರ ಎಂದು ಯೋಚಿಸಿದರೆ ಅಜ್ಜಿ ಮರೆತುಹೋಗುತ್ತಾರೆ.

ನಾವು ಎರಡು ಕೆಲಸ ಮಾಡಿದೆವು. ಒಂದು, ನೀರು ನಿಜವಾಗಿ ಎಲ್ಲಿಯವರೆಗೆ ಬಂದಿತ್ತು ಎಂದು ಹುಡುಕಿದೆವು. ಹಳೆಯ ಮನೆಯ ಗೋಡೆಯ ಕಲೆ, ಬಾವಿಕಟ್ಟೆ, ನೆರೆಮನೆಯ ಹಿರಿಯರ ನೆನಪು, ಎಲ್ಲವೂ ಒಂದೇ ಮಾತು ಹೇಳಿದವು. ಪೂರ್ವದ ಅಂಗಳದಲ್ಲಿ ನೀರು ಒಂದು ಅಡಿಗಿಂತ ಮೇಲೆ ನಿಂತಿಲ್ಲ. ಅದಕ್ಕೆ ಇನ್ನೊಂದು ಅಡಿ ಸೇರಿಸಿ ಪಂಚಾಂಗವನ್ನು ಎರಡು ಅಡಿಗೆ ಇಟ್ಟೆವು. ಮಳೆನೀರು ನಿಲ್ಲದಂತೆ ಜಾಗದ ಎರಡೂ ಬದಿಗೆ ತೋಡು ತೆಗೆದೆವು.

ಎರಡು, ಗೇಟಿನಿಂದ ಮನೆಯವರೆಗೆ 26 ಮೀಟರ್ ಉದ್ದ ಇತ್ತು. ಎರಡು ಅಡಿ ಏರಲು 20ಕ್ಕೆ 1ರ ಇಳಿಜಾರಿಗೆ ಸುಮಾರು 12 ಮೀಟರ್ ಸಾಕು. ಹಾಗಾಗಿ ರ‍್ಯಾಂಪನ್ನೇ ಕೈಬಿಟ್ಟು ಅಂಗಳದ ದಾರಿಯನ್ನೇ ನಿಧಾನವಾಗಿ ಏರಿಸಿದೆವು. ನಡುವೆ ಒಂದು ಮಟ್ಟಸ ಜಾಗ, ಅಲ್ಲೊಂದು ಕಟ್ಟೆ. ಅಜ್ಜಿ ಅಲ್ಲಿ ಕುಳಿತು ಉಸಿರು ಬಿಡುತ್ತಾರೆ. ಪಕ್ಕದಲ್ಲಿ ತುಳಸಿಕಟ್ಟೆ. ಇಷ್ಟು ಮೆಲ್ಲನೆಯ ಏರಿಗೆ ಕೈಹಿಡಿ ಬೇಕೆಂದಿಲ್ಲ. ಆದರೂ ಒಂದು ಬದಿಗೆ 700 ಮತ್ತು 900 ಮಿಲಿಮೀಟರ್ ಎತ್ತರದಲ್ಲಿ ಎರಡು ಸಾಲು ಹಾಕಿಸಿದೆವು. ಕೆಳಗಿನದು ಮಕ್ಕಳಿಗೂ ಆಗುತ್ತದೆ. ಮನೆಗೆ ಈಗ ಮುಂದೆ ಒಂದು ಮೆಟ್ಟಿಲೂ ಇಲ್ಲ. ನೋಡಿದವರಿಗೆ ಅದು ಗಮನಕ್ಕೂ ಬರುವುದಿಲ್ಲ. ಗ್ಯಾಸ್ ಸಿಲಿಂಡರ್ ತರುವವರಿಗೂ ಸುಲಭ, ಮಕ್ಕಳ ಸೈಕಲ್ಲಿಗೂ ಸುಲಭ.

ದಾರಿಗೆ ಏನು ಹಾಸುವುದು ಎಂಬುದು ಇಲ್ಲಿ ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಆಗಸ್ಟ್ ಹೊತ್ತಿಗೆ ಎಲ್ಲ ಅಂಗಳವೂ ಪಾಚಿ ಹಿಡಿದು ಜಾರುತ್ತದೆ. ಇಂಟರ್‌ಲಾಕ್ ಹಾಕಿದರೆ ಸಂದುಗಳಲ್ಲಿ ಪಾಚಿ ಬೇಗ ಬರುತ್ತದೆ. ವಾಕರ್‌ನ ಕಾಲುಗಳೂ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಬೆಂಕಿಯಲ್ಲಿ ಮೇಲ್ಮೈ ಒರಟು ಮಾಡಿದ ಗ್ರಾನೈಟ್ ಹಾಸಿದೆವು. 50ಕ್ಕೆ 1ರಂತೆ ಅಡ್ಡ ವಾಟ ಕೊಟ್ಟು ನೀರು ಬದಿಗೆ ಹರಿಯುವಂತೆ ಮಾಡಿದೆವು. ಬಾಗಿಲ ಹತ್ತಿರದ ಕೊನೆಯ ಭಾಗಕ್ಕೆ ಹಂಚಿನ ಮಾಡು ಇದೆ. ಇಷ್ಟಾದರೂ ಮಳೆಗಾಲದಲ್ಲಿ ಬ್ರಶ್ ಹಾಕಿ ತಿಕ್ಕಲೇಬೇಕು. ಇದನ್ನು ತಪ್ಪಿಸುವ ಕಲ್ಲು ನನಗೆ ಇನ್ನೂ ಸಿಕ್ಕಿಲ್ಲ.

ಹೊಸ್ತಿಲು

ಎಲ್ಲ ಮಟ್ಟಸ ಮಾಡುತ್ತೇವೆ ಎಂದಾಗ ಅಜ್ಜಿ ಸಿಟ್ಟಾದರು. "ಹೊಸ್ತಿಲಿಲ್ಲದ ಮನೆ ಎಂತ ಮನೆ ಮಗಾ? ಅರಿಶಿನ ಕುಂಕುಮ ಎಲ್ಲಿಗೆ ಹಚ್ಚುದು?" ಎಂದು ಕೇಳಿದರು. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಮದುವೆಯಾಗಿ ಬಂದಾಗ ಅವರು ದಾಟಿದ್ದು ಆ ಹೊಸ್ತಿಲನ್ನೇ.

ಗಾಲಿಕುರ್ಚಿ ಸಲೀಸಾಗಿ ದಾಟಬೇಕಾದರೆ ಹೊಸ್ತಿಲು 12 ಮಿಲಿಮೀಟರಿಗಿಂತ ಎತ್ತರ ಇರಬಾರದು. ಹಳೆಯ ಮನೆಯ ಮುಂಬಾಗಿಲ ಹಲಸಿನ ಹೊಸ್ತಿಲು ಇನ್ನೂ ಗಟ್ಟಿಯಾಗಿತ್ತು. ಅದನ್ನು ಹುಷಾರಾಗಿ ಬಿಚ್ಚಿ, ಹೊಸ ಬಾಗಿಲಲ್ಲಿ ನೆಲದೊಳಗೆ ಹುದುಗಿಸಿದೆವು. ಮೇಲ್ಮೈ ನೆಲಕ್ಕೆ ಸಮ. ಮರದ ಪೂರ್ತಿ ಅಗಲ ಕಾಣುತ್ತದೆ. ಅಜ್ಜಿ ಈಗ ಅದರ ಪಕ್ಕದಲ್ಲಿ ಸ್ಟೂಲ್ ಮೇಲೆ ಕುಳಿತು ಅರಿಶಿನ ಹಚ್ಚುತ್ತಾರೆ. ಸೊಸೆಗೆ ಇನ್ನೊಂದು ಅನುಕೂಲ ಆಯಿತು. ಕೆಂಪು ನೆಲದ ನಡುವೆ ಕಪ್ಪಗಿನ ಮರ ಎದ್ದು ಕಾಣುವುದರಿಂದ ಬಾಗಿಲು ಎಲ್ಲಿ ಎಂದು ಅವರಿಗೆ ತಿಳಿಯುತ್ತದೆ.

ಹೊಸ್ತಿಲು ತಗ್ಗಿಸಿದರೆ ಮಳೆ ಒಳಗೆ ಬರುವುದಿಲ್ಲವೇ? ಮುಂಬಾಗಿಲು ಪೂರ್ವಕ್ಕಿದೆ. ನಮ್ಮ ಮಳೆ ನೈಋತ್ಯದಿಂದ ಹೊಡೆಯುತ್ತದೆ. ಮನೆಯೇ ಅಡ್ಡ ನಿಂತಿರುವುದರಿಂದ ಅಲ್ಲಿ ಎರಚಲು ಕಡಿಮೆ. ಕಷ್ಟ ಇದ್ದದ್ದು ಕಡಲ ಕಡೆಯ ಬಾಗಿಲಲ್ಲಿ. ಅಲ್ಲಿ 8 ಅಡಿ ಅಗಲದ ಜಗಲಿ ಕೊಟ್ಟೆವು. ಜಗಲಿಯ ನೆಲ ಹೊರಗೆ ವಾಲಿದೆ. ಬಾಗಿಲ ಮುಂದೆ ಉದ್ದಕ್ಕೆ ಜಾಲರಿ ಮುಚ್ಚಿದ ಸಣ್ಣ ಕಾಲುವೆ ಇದೆ. ಮೊದಲ ಮಳೆಗಾಲದಲ್ಲಿ ನೀರು ಒಳಗೆ ಬರಲಿಲ್ಲ. ಆದರೆ ಗಾಳಿಮರದ ಸೂಜಿ ಎಲೆಗಳು ಆ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ವಾರಕ್ಕೊಮ್ಮೆ ಎತ್ತಿ ತೆಗೆಯಬೇಕು. ಹಾಗಾಗಿ ಒಬ್ಬರೇ ಎತ್ತಬಹುದಾದ ಸಣ್ಣ ತುಂಡುಗಳಾಗಿ ಜಾಲರಿ ಮಾಡಿಸಿದ್ದೇವೆ.

ಬಚ್ಚಲು ಮತ್ತು ಅಡುಗೆಮನೆ

ಎಲ್ಲರಿಗೂ ಒಂದೇ ದಾರಿ ಎಂದರೆ ಎಲ್ಲರಿಗೂ ಒಂದೇ ಬಚ್ಚಲು ಎಂದಲ್ಲ. ಮೊಮ್ಮಗ ಕುರ್ಚಿಯಿಂದ ಕಮೋಡಿಗೆ ಎಡಬದಿಯಿಂದ ಜರುಗುತ್ತಾರೆ. ಅಲ್ಲಿ ಕುರ್ಚಿ ನಿಲ್ಲಲು ಖಾಲಿ ಜಾಗ ಬೇಕು, ಕುರ್ಚಿ ತಿರುಗಲು 1.5 ಮೀಟರ್ ಬೇಕು. ಅಜ್ಜಿಗೆ ಖಾಲಿ ಜಾಗವೇ ಶತ್ರು. ಅವರಿಗೆ ಪ್ರತಿ ಹೆಜ್ಜೆಗೂ ಹಿಡಿಯಲು ಏನಾದರೂ ಬೇಕು. ಹಾಗಾಗಿ ಅವರ ಬಚ್ಚಲು ಚಿಕ್ಕದು, ಎರಡೂ ಬದಿಗೆ ಹಿಡಿಗಳಿವೆ. ಎರಡರಲ್ಲೂ ಕಮೋಡ್ 450ರಿಂದ 480 ಮಿಲಿಮೀಟರ್ ಎತ್ತರ. ಎರಡರಲ್ಲೂ ಟೈಲ್ಸ್ ಒರಟಾದ ಮ್ಯಾಟ್. ಬಾಗಿಲು ಬದಿಗೆ ಸರಿಯುತ್ತದೆ. ಯಾರಾದರೂ ಒಳಗೆ ಬಿದ್ದರೆ ಹೊರಗಿನಿಂದ ತೆಗೆಯಬಹುದು.

ಹಿಡಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಗೋಡೆಗಳು ಕೆಂಪುಕಲ್ಲಿನವು. ಕೆಂಪುಕಲ್ಲಿನಲ್ಲಿ ತೂತುಗಳು ಜಾಸ್ತಿ, ಆ್ಯಂಕರ್ ಬೋಲ್ಟ್ ನಂಬಿಕೆಯಿಂದ ಹಿಡಿಯುವುದಿಲ್ಲ. ಒಬ್ಬ ಮನುಷ್ಯನ ಪೂರ್ತಿ ಭಾರ ಬಿದ್ದಾಗ ಅದು ಕಿತ್ತು ಬಂದರೆ ಹಿಡಿ ಇಲ್ಲದ್ದಕ್ಕಿಂತ ಅಪಾಯ. ಗೋಡೆ ಕಟ್ಟುವಾಗಲೇ ಬಚ್ಚಲಿನ ಸುತ್ತ, ಹಿಡಿ ಬರುವ ಎತ್ತರದಲ್ಲಿ ಕಾಂಕ್ರೀಟ್ ಪಟ್ಟಿ ಹಾಕಿಸಿದೆವು. ಖರ್ಚು ಸ್ವಲ್ಪವೇ. ಮಕ್ಕಳ ಬಚ್ಚಲಿಗೂ ಹಾಕಿಸಿದೆವು. ಅಲ್ಲಿ ಈಗ ಹಿಡಿ ಇಲ್ಲ, ಮುಂದೆ ಬೇಕಾದಾಗ ಗೋಡೆ ಒಡೆಯುವುದು ಬೇಡ. ಈ ಮನೆಯಿಂದ ಬೇರೆಯವರು ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಲಿ ಎನ್ನುತ್ತೇನೆ. ಹಿಡಿಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. 304 ದರ್ಜೆಯದು ಕಡಲ ಗಾಳಿಗೆ ಕಂದು ಕಲೆ ಹಿಡಿಯುತ್ತದೆ. ಬಣ್ಣ ಹೊಡೆದ ಕಬ್ಬಿಣದ ಮಾತೇ ಬೇಡ.

ಸ್ನಾನದ ವಿಷಯದಲ್ಲಿ ವಿದೇಶಿ ನಕ್ಷೆಗಳು ನಮಗೆ ಪೂರ್ತಿ ಹೊಂದುವುದಿಲ್ಲ. ಅವುಗಳಲ್ಲಿ ಶವರ್ ಇದೆ, ಬಕೆಟ್ ಇಲ್ಲ. ಅಜ್ಜಿಗೆ ಬಿಸಿನೀರು ಚೆಂಬಿನಲ್ಲಿ ಮೊಗೆದು ಸುರಿದುಕೊಳ್ಳದಿದ್ದರೆ ಸ್ನಾನ ಆದ ಹಾಗೇ ಅಲ್ಲ. ಕುಳಿತುಕೊಳ್ಳುವ ಕಟ್ಟೆಯ ಪಕ್ಕದಲ್ಲಿ ಅದೇ ಎತ್ತರಕ್ಕೆ ಬಕೆಟ್ ಇಡುವ ಕಟ್ಟೆ ಮಾಡಿದೆವು. ನಲ್ಲಿ ಅದರ ಮೇಲೆಯೇ ಇದೆ. ಬಗ್ಗುವುದೂ ಬೇಡ, ತುಂಬಿದ ಬಕೆಟ್ ಎತ್ತುವುದೂ ಬೇಡ.

ಅಡುಗೆಮನೆಯಲ್ಲಿಯೂ ಇದೇ ಯೋಚನೆ. ಅಜ್ಜಿ ನೆಲದಲ್ಲಿ ಕುಳಿತು ಮೆಟ್ಟುಕತ್ತಿಯಲ್ಲಿ ಮೀನು ಕೊಯ್ಯುತ್ತಿದ್ದವರು. ಮಂಡಿ ಸೋತ ಮೇಲೆ ಆ ಕೆಲಸ ಬಿಟ್ಟಿದ್ದರು. ಕೆಲಸ ಬಿಟ್ಟದ್ದೇ ಅವರಿಗೆ ದೊಡ್ಡ ನೋವು ಎಂದು ಸೊಸೆ ಹೇಳಿದರು. ಹಿಂದಿನ ಜಗಲಿಯಲ್ಲಿ ಕುರ್ಚಿಯಷ್ಟು ಎತ್ತರದ ಅಗಲ ಕಟ್ಟೆ ಕಟ್ಟಿ, ಅದರ ಒಂದು ಬದಿಗೆ ಮೆಟ್ಟುಕತ್ತಿ ಮತ್ತು ಹೆರೆಮಣೆ ಅಲ್ಲಾಡದಂತೆ ಕೂರಿಸಿದೆವು. ಪಕ್ಕದಲ್ಲೇ ನಲ್ಲಿ, ನೀರು ಹೋಗಲು ದಾರಿ. ಈಗ ಬಂಗುಡೆ ಬಂದ ದಿನ ಬೇರೆಯವರು ಕತ್ತಿ ಮುಟ್ಟುವಂತಿಲ್ಲ. ಒಳಗೆ ಕಟ್ಟೆಯ ಒಂದು ಭಾಗ 780 ಮಿಲಿಮೀಟರ್ ಎತ್ತರಕ್ಕಿದೆ, ಕೆಳಗೆ ಖಾಲಿ. ಮೊಮ್ಮಗ ಅಲ್ಲಿ ಕಾಲು ತೂರಿಸಿ ಕುಳಿತು ತರಕಾರಿ ಹೆಚ್ಚುತ್ತಾರೆ, ಚಹಾ ಮಾಡುತ್ತಾರೆ.

ಸೊಸೆಯ ಕಣ್ಣಿಗಾಗಿ ಮಾಡಿದ್ದು ಬಣ್ಣದ ಕೆಲಸ. ಒಣ ಕೋಣೆಗಳಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ, ಗೋಡೆಯ ಬುಡಕ್ಕೆ ಕಪ್ಪು ಪಟ್ಟಿ, ಬಿಳಿ ಗೋಡೆ, ಗಾಢ ಬಣ್ಣದ ದಾರಂದ. ನಮ್ಮ ಹಳೆಯ ಮನೆಗಳಲ್ಲಿ ಇದ್ದದ್ದೇ ಇದು. ಸಂಜೆ ಕಡಲ ಮೇಲಿನ ಬಿಸಿಲು ಕಣ್ಣಿಗೆ ಹೊಡೆದು ಅವರಿಗೆ ಏನೂ ಕಾಣದಂತಾಗುತ್ತಿತ್ತು. ಪಶ್ಚಿಮದ ಜಗಲಿಯ ಮಾಡನ್ನು ತಗ್ಗಿಸಿ ಮರದ ಜಾಲಿ ಹಾಕಿದ್ದರಿಂದ ಅದು ತುಂಬ ಕಡಿಮೆಯಾಯಿತು.

ಉಪ್ಪು

ಕಡಲ ಪಕ್ಕದ ಮನೆಯಲ್ಲಿ ಉಪ್ಪನ್ನು ಮರೆತರೆ ಮೇಲೆ ಹೇಳಿದ್ದೆಲ್ಲ ಹತ್ತು ವರ್ಷಕ್ಕೆ ಕೆಡುತ್ತದೆ. ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಹೇಳುವಂತೆ ಎಂ30 ಎಂಬ ಬಲದ ದರ್ಜೆ ಹಾಕಿ, ಕಬ್ಬಿಣಕ್ಕೆ 45 ಮಿಲಿಮೀಟರ್ ಹೊದಿಕೆ ಬಿಟ್ಟೆವು. ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಕಬ್ಬಿಣ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಪರೀಕ್ಷೆ ಮಾಡಿಸಿದ ಮೇಲೆ ಟ್ಯಾಂಕರ್ ನೀರು ತರಿಸಿದೆವು. ಮಾಡಿಗೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಈ ಹಂಚಿಗೆ ತುಕ್ಕಿನ ಭಯವಿಲ್ಲ. ಗಾಳಿಗೆ ಹಾರದಂತೆ ಪಶ್ಚಿಮದ ಅಂಚಿನ ಸಾಲುಗಳನ್ನು ಕಟ್ಟಿದ್ದೇವೆ. ಸರಿಯುವ ಬಾಗಿಲುಗಳ ಹಳಿ ನೆಲದಲ್ಲಿದ್ದರೆ ಮರಳು ತುಂಬುತ್ತದೆ, ಕುರ್ಚಿಯ ಗಾಲಿಗೂ ಅಡ್ಡ. ಎಲ್ಲವನ್ನೂ ಮೇಲಿನಿಂದ ತೂಗುಹಾಕಿದೆವು.

ಗಾಲಿಕುರ್ಚಿಗೂ ಉಪ್ಪು ತಾಗುತ್ತದೆ. ಕಡಲ ಕಡೆ ಹೋಗಿ ಬಂದರೆ ಬೇರಿಂಗ್ ಒಳಗೆ ಮರಳು ಹೋಗುತ್ತದೆ. ಪಶ್ಚಿಮದ ಜಗಲಿಗೆ ಹತ್ತುವ ಜಾಗದಲ್ಲಿ ಜಾಲರಿ ನೆಲ, ಸಿಹಿನೀರಿನ ನಲ್ಲಿ, ಉದ್ದ ಪೈಪು ಇಟ್ಟೆವು. ನಮ್ಮಲ್ಲಿ ಕಾಲು ತೊಳೆದೇ ಒಳಗೆ ಬರುವುದು. ಇಲ್ಲಿ ಕಾಲಿನ ಜೊತೆ ಗಾಲಿಯನ್ನೂ ತೊಳೆಯುತ್ತಾರೆ.

ಹಳೆಯ ಮನೆ ಮತ್ತು ಮರಳು

ಕಡಲು ನೋಡುವ ಜಾಗ ಕೊನೆಗೆ ಹಳೆಯ ಮನೆಯೇ ಆಯಿತು. ಅಡಿಪಾಯ ಹಿಗ್ಗಿಸದೆ, ಅನುಮತಿ ಪಡೆದು ದುರಸ್ತಿ ಮಾಡಿ, ಒಳಗಿನ ಕೋಣೆಗಳ ಗೋಡೆ ತೆಗೆದು ತೆರೆದ ಚಾವಡಿ ಮಾಡಿದೆವು. ಹಿಂದಿನ ಹಳೇ ಬಚ್ಚಲು, ಕೊಟ್ಟಿಗೆಯ ಉದ್ದದ ಜಾಗದೊಳಗೇ ಇಳಿಜಾರು ಬಂತು. ಅಂದರೆ ಮೊಮ್ಮಗನನ್ನು ಎತ್ತಿಕೊಂಡು ಹೋಗುತ್ತಿದ್ದ ಬದಿಯೇ ಈಗ ಎಲ್ಲರ ಪ್ರವೇಶ. ಮುಂದಿನ ನಾಲ್ಕು ಮೆಟ್ಟಿಲು ಹಾಗೇ ಇವೆ. ಅವುಗಳ ಮೇಲೆ ಮಕ್ಕಳು ಕೂರುತ್ತಾರೆ.

ಎರಡು ಮನೆಗಳ ನಡುವೆ ಗೆರೆಯ ಒಳಗೆ ಕಾಂಕ್ರೀಟ್ ದಾರಿ ಹಾಕುವಂತಿರಲಿಲ್ಲ, ಹಾಕಬಾರದು ಕೂಡ. ಮರಳು ದಿಬ್ಬವೇ ಈ ಕರೆಯ ಮೊದಲ ತಡೆಗೋಡೆ. ಅದರ ಮೇಲೆ ಹಬ್ಬಿದ ಬಳ್ಳಿ ಕಿತ್ತರೆ ಮರಳು ನಿಲ್ಲುವುದಿಲ್ಲ. ಹಾಗಾಗಿ ಮರದ ಹಲಗೆಗಳನ್ನು ತುಂಡುತುಂಡಾಗಿ ಜೋಡಿಸಿ ಮರಳಿನ ಮೇಲೆ ಇಟ್ಟಿದ್ದೇವೆ. ಒಂದು ತುಂಡನ್ನು ಇಬ್ಬರು ಎತ್ತಬಹುದು. ಮೇ ಕೊನೆಗೆ ಎಲ್ಲವನ್ನೂ ತೆಗೆದು ಚಾವಡಿಯಲ್ಲಿ ಪೇರಿಸುತ್ತಾರೆ, ಮಳೆ ಬಿಟ್ಟ ಮೇಲೆ ಮತ್ತೆ ಹಾಸುತ್ತಾರೆ. ಇದನ್ನೂ ಲಿಖಿತವಾಗಿ ಕೇಳಿ ಮಾಡಿದ್ದು.

ಚಾವಡಿಯಿಂದ ನೀರಿನವರೆಗೆ ಹೋಗುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಒಣ ಮರಳಿನಲ್ಲಿ ಸಾಮಾನ್ಯ ಗಾಲಿಕುರ್ಚಿ ಮುಂದೆ ಹೋಗುವುದೇ ಇಲ್ಲ, ಮುಂದಿನ ಸಣ್ಣ ಗಾಲಿ ಹೂತುಹೋಗುತ್ತದೆ. ಪಡುಬಿದ್ರಿಯ ಎಂಡ್ ಪಾಯಿಂಟ್ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು, ಸಿಕ್ಕಿತು. ಆ ಮಾನದಂಡಗಳಲ್ಲಿ ಅಂಗವಿಕಲರ ಪ್ರವೇಶದ ವಿಷಯವೂ ಇದೆ. ಸಾರ್ವಜನಿಕ ತೀರದಲ್ಲಿ ಅದು ಆಗಬೇಕಾದದ್ದೇ. ಮನೆಯ ಮುಂದಿನ ತೀರಕ್ಕೆ ನಾವು ಎರಡು ದಾರಿ ನೋಡುತ್ತಿದ್ದೇವೆ: ಸುರುಳಿ ಬಿಚ್ಚಿ ಹಾಸುವ ಚಾಪೆ, ಅಥವಾ ಅಗಲದ ಬಲೂನ್ ಗಾಲಿಯ ಕುರ್ಚಿ. ಚಾಪೆಯಾದರೆ ಮೊಮ್ಮಗ ತಾವೇ ಹೋಗಬಹುದು, ಆದರೆ ಪ್ರತಿ ಸಲ ಹಾಸಿ ಸುತ್ತಬೇಕು. ಬಲೂನ್ ಕುರ್ಚಿಯನ್ನು ಬೇರೆಯವರು ತಳ್ಳಬೇಕು, ಆದರೆ ಅಜ್ಜಿಯನ್ನೂ ಅದರಲ್ಲಿ ಕೂರಿಸಿ ತೆರೆಯ ಅಂಚಿನವರೆಗೆ ಒಯ್ಯಬಹುದು. ಮೊಮ್ಮಗನ ಒಲವು ಚಾಪೆಯ ಕಡೆ, ಹೆಂಡತಿಯ ಒಲವು ಕುರ್ಚಿಯ ಕಡೆ. ಯಾವುದಕ್ಕೂ ಇರಲಿ ಎಂದು ಕೊನೆಯ ಹಲಗೆಯನ್ನು ಎರಡಕ್ಕೂ ಹೊಂದುವಂತೆ 1.5 ಮೀಟರ್ ಅಗಲಕ್ಕೆ ಮಾಡಿಸಿದ್ದೇವೆ. ನವೆಂಬರಿನಲ್ಲಿ ಕಡಲು ತಣಿದ ಮೇಲೆ ಚಾಪೆಯ ಒಂದು ತುಂಡು ತರಿಸಿ ಅವರೇ ಓಡಿಸಿ ನೋಡಲಿದ್ದಾರೆ.